ಉದ್ಯಾನದ ಹುಲ್ಲುಹಾಸಿನ ನಿರ್ವಹಣೆ: ಯಾರನ್ನು ಜೊತೆಗೂಡಿಸಿಕೊಳ್ಳಬೇಕು?

ಪ್ರಶ್ನೆ – ನವನಗರ, ಬಾಗಲಕೋಟೆ

ಮಾನ್ಯರೇ, ನಮ್ಮ ನಿವಾಸಿಗಳ ಸಂಘವು ಸೆಕ್ಟರಿನ ಉದ್ಯಾನವೊಂದರ ನಿರ್ವಹಣೆಯಲ್ಲಿ ಕೈಜೋಡಿಸಲು ಮುಂದಾಗಿದೆ. ಸದ್ಯ ಅಲ್ಲಿ ಬೇಸಿಗೆಯುದ್ದಕ್ಕೂ ದಿನವೂ ಪೈಪ್ ಹಚ್ಚಿ ನೀರು ಬಿಡುತ್ತಾರೆ, ಹುಲ್ಲು ಹಳದಿಯಾದರೆ ಯೂರಿಯಾ ಎರಚುತ್ತಾರೆ, ಕತ್ತರಿಸಿದ ಹುಲ್ಲನ್ನು ಮೂಲೆಯಲ್ಲಿ ಗುಡ್ಡೆ ಹಾಕಿ ಸುಡುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟವರು ನೆಲೆಸಿರುವ ಊರಿನಲ್ಲಿ ನೀರು ಹೀಗೆ ಪೋಲಾಗುವುದನ್ನು ನೋಡುತ್ತ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ. ತೋಟಗಾರಿಕೆ ವಿಶ್ವವಿದ್ಯಾಲಯ, ಶಾಲೆಗಳು, ನರ್ಸರಿಯವರು ಎಲ್ಲರನ್ನೂ ಒಂದೇ ಒಪ್ಪಂದದಡಿ ತರಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸುವುದು ಸೂಕ್ತ?

ಉತ್ತರ – ವಿಜಯಪುರ

ಒಪ್ಪಂದಕ್ಕಿಂತ ಮೊದಲು ಮಾಲಿಯೊಂದಿಗೆ ಕುಳಿತು ಮಾತನಾಡಿರಿ. ನೀರು ಎಷ್ಟು, ಗೊಬ್ಬರ ಯಾವಾಗ ಎಂಬುದನ್ನು ನಿತ್ಯ ನಿರ್ಧರಿಸುವವರು ಅವರೇ. ಎರಡನೆಯವರು ಗೊಬ್ಬರದ ಅಂಗಡಿಯವರು, ಏಕೆಂದರೆ ಮಾಲಿ ಸಲಹೆ ಕೇಳುವುದು ಅಲ್ಲಿಯೇ.

ಹಳದಿ ಬಣ್ಣದ ವಿಷಯವನ್ನೇ ನೋಡಿರಿ. ಯೂರಿಯಾ ಒದಗಿಸುವ ಸಾರಜನಕ ಕಡಿಮೆಯಾದರೆ ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಆದರೆ ಚಿಗುರೆಲೆಯೇ ಹಳದಿಗೆ ತಿರುಗಿ ಅದರ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬಹುತೇಕ ಕಬ್ಬಿಣದ ಕೊರತೆ. ಸುಣ್ಣದಂಶವುಳ್ಳ, ಕ್ಷಾರ ಗುಣದ ನಮ್ಮ ಎರೆಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೆ ಕೊರತೆ ಇನ್ನೂ ಹೆಚ್ಚುತ್ತದೆ. ಹೀಗಾಗಿ ನಿತ್ಯ ನೀರುಣಿಸುವುದೇ ರೋಗಕ್ಕೆ ಕಾರಣವಾಗಿ, ಅದಕ್ಕೆ ಮದ್ದೆಂದು ಹಾಕಿದ ಯೂರಿಯಾ ಮಳೆಗೆ ಕೊಚ್ಚಿಕೊಂಡು ಚರಂಡಿ ಸೇರುತ್ತದೆ. ಮಾಲಿಗೆ ಆ ಎಲೆಯನ್ನು ಕೈಯಲ್ಲಿ ಹಿಡಿದು ತೋರಿಸಬಲ್ಲ ತಜ್ಞರು ಬೇಕು. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯ ನಿಮ್ಮೂರಿನಲ್ಲೇ ಇರುವುದು ದೊಡ್ಡ ಅನುಕೂಲ. ಅವರಲ್ಲಿ ಭಾಷಣ ಕೇಳಬೇಡಿರಿ; ಮಣ್ಣಿನ ಪರೀಕ್ಷೆಯನ್ನೂ ಉದ್ಯಾನದಲ್ಲೇ ಒಂದು ಪ್ರಾತ್ಯಕ್ಷಿಕೆಯನ್ನೂ ಕೇಳಿರಿ.

ಉತ್ತರ – ಬೆಳಗಾವಿ

ಮೇಲಿನ ಮಾತನ್ನು ಅನುಮೋದಿಸುತ್ತೇನೆ. ನಮ್ಮಲ್ಲಿ ಮಳೆ ಹೆಚ್ಚು. ಇಲ್ಲಿನ ಉದ್ಯಾನಗಳನ್ನು ಕಂಡು ನೀವು ಅದೇ ಹಸಿರನ್ನು ಬಯಸಬಾರದು. ಸುಡುವುದನ್ನಂತೂ ತಕ್ಷಣ ನಿಲ್ಲಿಸಿರಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ತ್ಯಾಜ್ಯ ಸುಡುವುದನ್ನು ನಿಷೇಧಿಸಿ, ಉದ್ಯಾನದ ಕಸವನ್ನು ಪ್ರತ್ಯೇಕವಾಗಿ ಇಡಬೇಕೆಂದು ಹೇಳಿದ್ದವು. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಆ ತುಂಡುಗಳನ್ನು ಅಲ್ಲಿಯೇ ಬಿಡಬಹುದು. ಅವು ಕೊಳೆತು ಸಾರಜನಕವನ್ನು ಮಣ್ಣಿಗೆ ಮರಳಿಸುತ್ತವೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನೀರಿನ ಲೆಕ್ಕವನ್ನು ಸಂಘದ ಸದಸ್ಯರಿಗೆ ಮನವರಿಕೆ ಮಾಡುವುದು ಹೇಗೆ?

ಉತ್ತರ – ವಿಜಯಪುರ

ಒಂದು ಚದರ ಮೀಟರಿಗೆ ಒಂದು ಲೀಟರ್ ಹಾಕಿದರೆ ಒಂದು ಮಿಲಿಮೀಟರ್ ಮಳೆ ಬಿದ್ದಂತೆ. ದಿನಕ್ಕೆ ಐದು ಮಿಲಿಮೀಟರ್ ಎಂದು ಹಿಡಿದರೂ ಸಾವಿರ ಚದರ ಅಡಿಯ ಹುಲ್ಲುಹಾಸು ಸುಮಾರು 465 ಲೀಟರ್ ಕುಡಿಯುತ್ತದೆ. ಇದನ್ನು ಸಭೆಯಲ್ಲಿ ಕೊಡಗಳ ಲೆಕ್ಕದಲ್ಲಿ ಹೇಳಿರಿ. ಮಕ್ಕಳು ಆಡುವಷ್ಟು ಜಾಗದಲ್ಲಿ ಮಾತ್ರ ಬರ ತಾಳುವ ಕರಿಕೆಯನ್ನು ಉಳಿಸಿಕೊಂಡು, ಮಿಕ್ಕ ಕಡೆ ಬೇವು, ಹೊಂಗೆ ನೆಡುವುದು ಲೇಸು. ನೀರು ಬಿಟ್ಟ ದಿನ, ಹಾಕಿದ ಗೊಬ್ಬರದ ತೂಕ, ಇವನ್ನು ಮಾಲಿಯೇ ಒಂದು ವಹಿಯಲ್ಲಿ ಬರೆದಿಡಲಿ. ಆ ಹೆಚ್ಚುವರಿ ಕೆಲಸಕ್ಕೆ ಸಂಘವು ಅವರಿಗೆ ಸಂಭಾವನೆ ಕೊಡಬೇಕು. ಒಪ್ಪಂದದಲ್ಲಿ ಈ ಷರತ್ತನ್ನು ಮೊದಲು ಬರೆಯಿರಿ.