ನೇರಳೆ ಬೀಜ ಡಬ್ಬಿಯಲ್ಲೇ ಸತ್ತದ್ದೇಕೆ?

ಪ್ರಶ್ನೆ: ನಮ್ಮದು ಶಿರಸಿಯ ಹತ್ತಿರದ ಹಳ್ಳಿ. ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಗಿಡ ಎಬ್ಬಿಸಬೇಕೆಂದು ಹೋದ ವರ್ಷ ಹೊನ್ನೆ, ಕಕ್ಕೆ, ನೇರಳೆ, ಧೂಪದ ಬೀಜ ಆಯ್ದು, ಎಲ್ಲವನ್ನೂ ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೆ. ಈ ಮಳೆಗಾಲ ಬಿತ್ತಿದರೆ ಹೊನ್ನೆ ಒಂದಷ್ಟು ಹುಟ್ಟಿತು. ನೇರಳೆ, ಧೂಪ ಒಂದೂ ಏಳಲಿಲ್ಲ. ಕಕ್ಕೆ ಮಣ್ಣಿನಲ್ಲಿ ಹಾಕಿದ ಹಾಗೆಯೇ ಇದೆ. ತಪ್ಪೆಲ್ಲಿ?

ಉತ್ತರ (ಸಸ್ಯಕ್ಷೇತ್ರದ ಕೆಲಸದವನು): ನೇರಳೆ, ಧೂಪಗಳನ್ನು ಕೊಂದದ್ದು ಆ ಒಣಗಿಸುವಿಕೆಯೇ. ಇವು ಮಳೆಯ ಜೊತೆಗೇ ಹಣ್ಣಾಗಿ ಬೀಳುವ ಮರಗಳು. ಒದ್ದೆ ನೆಲಕ್ಕೆ ಬಿದ್ದು ಕೂಡಲೇ ಮೊಳೆಯುವುದು ಅವುಗಳ ಸ್ವಭಾವ. ಒಳಗಿನ ತೇವ ಆರಿದರೆ ಜೀವವೂ ಹೋಯಿತು. ಹಲಸಿನ ಬೀಜವೂ ಇದೇ ಜಾತಿ. ಆಯ್ದ ದಿನವೇ ತಿರುಳು ತೊಳೆದು ಮಣ್ಣು ತುಂಬಿದ ಸಸಿಚೀಲದಲ್ಲಿ ಬಿತ್ತಿ. ಆಗದಿದ್ದರೆ ಒದ್ದೆ ಮರಳಿನಲ್ಲಿ ಹುದುಗಿಸಿ ನೆರಳಿನಲ್ಲಿಡಿ, ಅದೂ ಕೆಲವೇ ದಿನ. ನೇರಳೆಯ ಒಂದೇ ಬೀಜದಿಂದ ಎರಡು ಮೂರು ಸಸಿ ಎದ್ದರೆ ಗಾಬರಿಯಾಗಬೇಡಿ, ಅದು ಸಹಜ.

ಕಕ್ಕೆ ಸತ್ತಿಲ್ಲ. ಅದರ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ನೀರು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದರೆ ಕೆಲವು ಊದಿಕೊಂಡು ಮೆತ್ತಗಾಗಿರುತ್ತವೆ, ಅವನ್ನು ಬಿತ್ತಿ. ಊದದವನ್ನು ಒಂದೊಂದಾಗಿ ಒರಟು ಕಲ್ಲಿಗೆ ಉಜ್ಜಿ ಮತ್ತೆ ನೆನೆಹಾಕಿ. ಹೊನ್ನೆಯ ಕಾಯಿ ಒಡೆಯಲು ಹೋಗಬೇಡಿ. ಸುತ್ತಲಿನ ರೆಕ್ಕೆ ಕತ್ತರಿಸಿ ಹಾಗೆಯೇ ಬಿತ್ತಿ.

ಇನ್ನೊಬ್ಬ ಸದಸ್ಯೆ: ಕೂಡಿಡುವ ಬೀಜ ಸಾಕಷ್ಟು ಒಣಗಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಬೀಜ, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ ಕುಲುಕಿ. ಸ್ವಲ್ಪ ಹೊತ್ತಿನ ಮೇಲೆ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ಬೀಜ ಇನ್ನೂ ಹಸಿ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನಮ್ಮಲ್ಲಿ ಹಳೆಯ ಲೆಕ್ಕ. ಹಾಗೆಂದು ಉರಿಬಿಸಿಲಿಗೆ ಹಾಕಬೇಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಡಬ್ಬಿಯ ಮೇಲೆ ಮರದ ಹೆಸರು, ಆಯ್ದ ಜಾಗ, ದಿನಾಂಕ ಬರೆಯಿರಿ.

ಕೇಳದಿದ್ದರೂ ಒಂದು ಮಾತು. ದಯವಿಟ್ಟು ಒಂದೇ ಮರದ ಬುಡ ಗುಡಿಸಬೇಡಿ. ದೂರದೂರದ ಹತ್ತಾರು ಮರಗಳಿಂದ ಸ್ವಲ್ಪ ಸ್ವಲ್ಪ ಆಯ್ದು, ಉಳಿದದ್ದನ್ನು ಹಕ್ಕಿಗೂ ಅಳಿಲಿಗೂ ಬಿಡಿ. ಮೀಸಲು ಅರಣ್ಯವಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಪ್ರಶ್ನೆ ಕೇಳಿದವರು: ಕಕ್ಕೆಯನ್ನು ಇವತ್ತೇ ಮಣ್ಣಿನಿಂದ ಹೆಕ್ಕಿ ತೆಗೆಯುತ್ತೇನೆ. ಧೂಪಕ್ಕೆ ಬರುವ ಮಳೆಗಾಲ ಕಾಯುತ್ತೇನೆ.