‘ನಿಖರತೆ’ ಇಲ್ಲಿ ಹೊಂದುತ್ತದೆಯೇ?

ಬಲ್ಲವರಲ್ಲಿ ಒಂದು ಪದ ಕೇಳುವುದಿದೆ. ಶಿರಸಿಯ ಸಹಕಾರ ಸಂಘಗಳ ಸಿಬ್ಬಂದಿಗೆಂದು ಬರೆಯುತ್ತಿರುವ ಬ್ಯಾಕಪ್ ಕೈಪಿಡಿಗೆ ಬೇಕು. ‘ಟೈಮ್‌ಸ್ಟ್ಯಾಂಪ್’ಗೆ, ಅಂದರೆ ಕಡತ ಕೊನೆಗೆ ಬದಲಾದ ವೇಳೆಯ ದಾಖಲೆಗೆ, ‘ವೇಳೆಗುರುತು’ ಎಂದರೆ ಓದುವವರು ತಡವರಿಸುವುದಿಲ್ಲ. ತೊಡಕಿರುವುದು ಅದರ ‘ಪ್ರಿಸಿಷನ್’ನಲ್ಲಿ. ‘ಆಕ್ಯುರೆಸಿ’ಗೂ (ವೇಳೆ ಎಷ್ಟು ಸರಿ ಎಂಬುದು) ‘ಪ್ರಿಸಿಷನ್’ಗೂ (ಎಷ್ಟು ಸಣ್ಣ ಪಾಲಿನವರೆಗೆ ಅಳೆದದ್ದು ಎಂಬುದು) ‘ನಿಖರತೆ’ ಎಂದೇ ಬರೆಯುವ ರೂಢಿಯಿದೆ. ಇಲ್ಲಿ ಅದು ಓದುಗರನ್ನು ದಾರಿ ತಪ್ಪಿಸುತ್ತದೆ.

ಲಿನಕ್ಸ್‌ನ ಇಎಕ್ಸ್‌ಟಿ4 (ಕಡತಗಳನ್ನು ಜೋಡಿಸಿಡುವ ಒಂದು ಬಗೆ) ಡಿಸ್ಕಿನಲ್ಲಿರುವ ಕಡತವೊಂದಕ್ಕೆ, ಅದರ ವಿವರ ತೋರಿಸುವ ‘ಸ್ಟ್ಯಾಟ್’ ಆದೇಶ ಕೊಟ್ಟರೆ ವೇಳೆ 10:15:27.483920615 ಎಂದು ಬರುತ್ತದೆ ಅನ್ನಿ. ಅದನ್ನೇ, ವೇಳೆಗುರುತನ್ನೂ ಉಳಿಸಿ ನಕಲಿಸುವ ‘ಸಿಪಿ -ಪಿ’ಯಿಂದ, ಫ್ಯಾಟ್32 ಬಗೆಯ ಪೆನ್‌ಡ್ರೈವಿಗೆ ನಕಲು ಮಾಡಿ, ಪೆನ್‌ಡ್ರೈವ್ ತೆಗೆದು ಮತ್ತೆ ಹಾಕಿ ನೋಡಿದರೆ 10:15:26 ಮಾತ್ರ. ಫ್ಯಾಟ್‌ನಲ್ಲಿ ಕಡತ ಬದಲಾದ ವೇಳೆಯ ಸೆಕೆಂಡಿಗೆ ಮೀಸಲಾದದ್ದು 5 ಬಿಟ್. ಅದರಲ್ಲಿ 32 ಬೆಲೆಗಳಷ್ಟೇ ಹಿಡಿಯುತ್ತವೆ, 60 ಹಿಡಿಯುವುದಿಲ್ಲ. ಹಾಗಾಗಿ ಎರಡೆರಡು ಸೆಕೆಂಡಿಗೊಮ್ಮೆ ಎಣಿಕೆ; ಬೆಸ ಸೆಕೆಂಡು ಅಲ್ಲಿ ಇಲ್ಲವೇ ಇಲ್ಲ. ಮುಂದಿನ ಸಲ, ಎರಡು ಕಡೆಯ ಕಡತಗಳನ್ನು ಹೋಲಿಸಿ ಬದಲಾದದ್ದನ್ನು ನಕಲಿಸುವ ‘ಆರ್‌ಸಿಂಕ್ -ಟಿ’ ಓಡಿಸಿದಾಗ ಗಾತ್ರ ಒಂದೇ ಇದ್ದರೂ ವೇಳೆ ಬೇರೆಯೆಂದು ಅದು ಕಡತವನ್ನು ಮತ್ತೆ ಕಳಿಸುತ್ತದೆ, ಪ್ರತಿ ಸಲವೂ. ‘--ಮಾಡಿಫೈ-ವಿಂಡೋ=1’ ಸೇರಿಸಿದರೆ ಒಂದು ಸೆಕೆಂಡಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದೆ ಸುಮ್ಮನಿರುತ್ತದೆ. ವಿಂಡೋಸ್‌ನ ನಕಲು ಸಾಧನ ರೋಬೋಕಾಪಿಯಲ್ಲಿ ಇದೇ ಕೆಲಸಕ್ಕೆ ‘/ಎಫ್‌ಎಫ್‌ಟಿ’ ಇದೆ.

ಇಲ್ಲಿ ಗಡಿಯಾರ ಸರಿಯಾಗಿಯೇ ಇದೆ, ಒರಟಾದದ್ದು ಅಳತೆ. ವೇಳೆಯೇ ತಪ್ಪುವ ಸಂದರ್ಭ ಬೇರೆ: ಫ್ಯಾಟ್ ಸ್ಥಳೀಯ ವೇಳೆಯನ್ನು ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಬರೆದ ಪೆನ್‌ಡ್ರೈವನ್ನು ಕಾಲವಲಯ ಯುಟಿಸಿಗೆ (ನಮ್ಮದಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ವೇಳೆಗೆ) ಹೊಂದಿಸಿರುವ ಯಂತ್ರಕ್ಕೆ ಹಾಕಿದರೆ ಎಲ್ಲ ಕಡತಗಳೂ ಐದೂವರೆ ತಾಸು ಆಚೀಚೆ ಆಗುತ್ತವೆ. ‘ನಿಖರವಲ್ಲ’ ಎಂಬ ಮಾತು ಸಲ್ಲುವುದು ಅದಕ್ಕೆ. ಎರಡಕ್ಕೂ ಒಂದೇ ಪದವಾದರೆ ಓದಿದವರು ಗಡಿಯಾರ ತಿದ್ದಲು ಹೋಗುತ್ತಾರೆ, ದೋಷ ಇದ್ದಲ್ಲೇ ಇರುತ್ತದೆ.

‘ಸೂಕ್ಷ್ಮತೆ’ ಆಗಬಹುದೇ ಎಂದರೆ, ‘ಸೆನ್ಸಿಟಿವಿಟಿ’ ಆ ಜಾಗವನ್ನು ಆಗಲೇ ಹಿಡಿದಿದೆ. ನಮ್ಮ ಘಟ್ಟದ ಮೇಲೆ ಮಳೆ ಅಳೆದು ಬರೆದಿಡುವ ತೋಟಿಗರಿಗೆ ಮಳೆಮಾಪಕದ ಗಾಜಿನ ಮೇಲಿನ ‘ಗೆರೆ’ ಗೊತ್ತು: ನೀರು ಎರಡು ಗೆರೆಗಳ ನಡುವೆ ನಿಂತರೆ ಯಾವುದಾದರೂ ಒಂದು ಗೆರೆಗೆ ಸೇರಿಸಿ ಬರೆಯಬೇಕು. ಫ್ಯಾಟ್ ಮಾಡುವುದೂ ಅದನ್ನೇ. ಅದಕ್ಕೇ ‘ಗೆರೆಯಂತರ’ ಎಂದು ಬಳಸಿ ನೋಡುತ್ತಿದ್ದೇನೆ: ‘ಫ್ಯಾಟ್‌ನ ಗೆರೆಯಂತರ 2 ಸೆಕೆಂಡು, ವಿಂಡೋಸ್‌ನ ಎನ್‌ಟಿಎಫ್‌ಎಸ್‌ನದು 100 ನ್ಯಾನೋಸೆಕೆಂಡು, ಇಎಕ್ಸ್‌ಟಿ4ರದು 1 ನ್ಯಾನೋಸೆಕೆಂಡು.’ ಅಂಕಿ ಚಿಕ್ಕದಾದಷ್ಟೂ ಅಳತೆ ನಯ ಎಂಬುದೂ ತಾನಾಗಿ ತಿಳಿಯುತ್ತದೆ.

ಕರಾವಳಿಯಲ್ಲಿ, ಕಾರವಾರ–ಕುಮಟಾ ಕಡೆ, ಅಳತೆಪಟ್ಟಿಯ ಎರಡು ಗೆರೆಗಳ ನಡುವಿನ ಜಾಗಕ್ಕೆ ಬಳಕೆಯ ಮಾತು ಬೇರೆ ಇದೆಯೇ? ಬಡಗಿಗಳೋ ದೋಣಿ ಕಟ್ಟುವವರೋ ಆಡುವ ಪದವಿದ್ದರೆ ‘ಗೆರೆಯಂತರ’ ಬಿಟ್ಟು ಅದನ್ನೇ ಹಾಕುತ್ತೇನೆ.