‘ಭಾರ ಧಾರಣ ಸಾಮರ್ಥ್ಯ’: ಯಾವುದರ ಭಾರ, ಯಾವುದರ ಮೇಲೆ?

ಪ್ರಶ್ನೆ: ಮಂಡ್ಯದ ಕಡೆಯ ಒಂದು ಶಾಲೆಯ ವಾಚನಾಲಯಕ್ಕೆ ಗೋಡೆಗೆ ಕೂರಿಸುವ ಹಲಗೆಗಳ ವಿವರಪಟ್ಟಿ ಕನ್ನಡದಲ್ಲೇ ಆಗಬೇಕಿದೆ. ಕರಡು ಹೀಗಿದೆ: ‘ಸರಿಹೊಂದಿಸಬಹುದಾದ ಗೋಡೆ ಕಪಾಟು, 35 ಕೆ.ಜಿ. ಭಾರ ಧಾರಣ ಸಾಮರ್ಥ್ಯವುಳ್ಳದ್ದು, ಭಾರ ಪರೀಕ್ಷೆ ಮಾಡಿ ಕೊಡತಕ್ಕದ್ದು.’ ಇದನ್ನು ಓದಿದ ಮರಗೆಲಸದ ಆಚಾರ್ರು ‘ಬಾಗಿಲು ಎಷ್ಟು?’ ಅಂತ ಕೇಳಿದರು. ಪದ ಎಲ್ಲಿ ತಪ್ಪಿದೆ?

ಉತ್ತರ: ಆಚಾರ್ರು ಕೇಳಿದ್ದು ಸರಿಯಾಗಿಯೇ ಇದೆ. ಸಂಸ್ಕೃತದ ‘ಕಪಾಟ’ಕ್ಕೆ ಬಾಗಿಲೆಂದೇ ಅರ್ಥ, ಕನ್ನಡದಲ್ಲೂ ಕಪಾಟು ಅಂದರೆ ಮುಚ್ಚಿಡುವಂಥದ್ದು. ನಿಮಗೆ ಬೇಕಾದದ್ದು ಬರಿ ಹಲಗೆ. ‘ನಾಗೊಂದಿಗೆ’ ಎಂಬ ಒಳ್ಳೆಯ ಹಳೆಯ ಮಾತಿದೆ, ಆದರೆ ಇವತ್ತು ಅಂಗಡಿಯಲ್ಲಿ ಹೇಳಿದರೆ ಪಿಳಿಪಿಳಿ ನೋಡುತ್ತಾರೆ. ‘ಸಜ್ಜ’ ಅಂದರೆ ಕಾಂಕ್ರೀಟಿನದು, ‘ಗೂಡು’ ಗೋಡೆಯ ಒಳಗಿನದು. ‘ಗೋಡೆ ಹಲಗೆ’ ಎಂದೇ ಬರೆಯಿರಿ. ‘ಸರಿಹೊಂದಿಸಬಹುದಾದ’ ಎನ್ನುವುದು ಏನನ್ನು ಸರಿಹೊಂದಿಸುವುದೆಂದು ಹೇಳುವುದಿಲ್ಲ. ಬದಲಾಗುವುದು ಎತ್ತರ ಒಂದೇ, ಹಾಗಾಗಿ ‘ಏರಿಳಿಸುವ ಗೋಡೆ ಹಲಗೆ’. ಗೋಡೆಗೆ ನೆಟ್ಟಗೆ ಬಿಗಿದು, ಹಲಗೆ ಹೊರುವ ಬ್ರಾಕೆಟ್‌ಗಳನ್ನು ಸಿಕ್ಕಿಸುವ, ಕಂಡಿಗಳಿರುವ ಉದ್ದನೆಯ ಉಕ್ಕಿನ ಪಟ್ಟಿಗೆ ಅಂಗಡಿಯವರು ‘ಚಾನೆಲ್’ ಅನ್ನುತ್ತಾರೆ. ಡ್ರಾಯರ್ ಜಾರುವ ಕಂಬಿಗೂ ಅದೇ ಹೆಸರು, ಆದ್ದರಿಂದ ‘ಕಂಡಿಪಟ್ಟಿ’ ಎಂದು ಬರೆದು ಕಂಡಿಯಿಂದ ಕಂಡಿಗೆ ಇರುವ ಅಂತರವನ್ನೂ ಕೊಡಿ. ಅಂತರ ಬೇರೆಯಾದರೆ ಒಂದು ಕಂಪನಿಯ ಬ್ರಾಕೆಟ್ ಇನ್ನೊಂದರ ಪಟ್ಟಿಗೆ ಕಚ್ಚುವುದಿಲ್ಲ.

ಇಷ್ಟು ಹೆಸರಿನ ಮಾತು. ದುಡ್ಡು ಹಾಳಾಗುವುದು ‘ಭಾರ ಧಾರಣ ಸಾಮರ್ಥ್ಯ’ದಲ್ಲಿ. ತೂಕ ಪುಸ್ತಕದ್ದು, ಭಾರ ಹಲಗೆಯ ಮೇಲೆ ಬೀಳುವುದು. ಇನ್ನು ‘ತಾಳುವ ಭಾರ’ ಬೇರೆ, ‘ಹೇರಬಹುದಾದ ಭಾರ’ ಬೇರೆ. ಗಾಡಿಗೆ ಕಬ್ಬು ಹೇರುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ: ಅಚ್ಚು ಮುರಿಯದೆ ತಾಳುವುದೆಷ್ಟೋ ಅಷ್ಟನ್ನೂ ಯಾರೂ ಹೇರುವುದಿಲ್ಲ. ‘ಧಾರಣ ಸಾಮರ್ಥ್ಯ’ ಎರಡನ್ನೂ ಒಂದೇ ಮೂಟೆಗೆ ಕಟ್ಟುತ್ತದೆ. ಮೇಲಾಗಿ 35 ಕೆ.ಜಿ. ಯಾವುದಕ್ಕೆ? ಒಂದು ಬ್ರಾಕೆಟ್‌ಗೋ, ಒಂದು ಹಲಗೆಗೋ, ಒಂದು ಜೊತೆ ಪಟ್ಟಿಗೋ? ಐದು ಹಲಗೆ ಇದ್ದರೆ ಆ ಜೊತೆಯ ಮೇಲೆ ಬೀಳುವುದು 175 ಕೆ.ಜಿ., ಅದಕ್ಕೆ ಹಲಗೆಗಳ ಸ್ವಂತ ತೂಕವೂ ಸೇರಬೇಕು.

ಭಾರ ಎಲ್ಲಿ ಕೂರುತ್ತದೆ ಎಂಬುದನ್ನೂ ಬರೆಯಬೇಕು. 250 ಮಿ.ಮೀ. ಅಗಲದ ಹಲಗೆಯ ಮೇಲೆ 35 ಕೆ.ಜಿ. ಸಮನಾಗಿ ಹರಡಿದ್ದರೆ ಒಂದೊಂದು ಬ್ರಾಕೆಟ್ ಪಾಲಿಗೆ 17.5 ಕೆ.ಜಿ., ಗೋಡೆಯಿಂದ 125 ಮಿ.ಮೀ. ದೂರದಲ್ಲಿ. ಸ್ಕ್ರೂಗಳ ನಡುವೆ 250 ಮಿ.ಮೀ. ಇದ್ದರೆ, ಸರಳ ಲೆಕ್ಕದಲ್ಲಿ, ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆಳೆಯುವ ಬಲ ಸುಮಾರು 9 ಕೆ.ಜಿ. ಅಷ್ಟೇ ತೂಕವನ್ನು 400 ಮಿ.ಮೀ. ಅಗಲದ ಹಲಗೆಯ ಮುಂದಿನ ಅಂಚಿನಲ್ಲಿಡಿ, ಅದು 28 ಕೆ.ಜಿ. ಆಗುತ್ತದೆ. ಹಲಗೆಯ ಅಗಲಕ್ಕೂ ‘ಸಮನಾಗಿ ಹರಡಿದ’ ಎಂಬ ಎರಡು ಪದಕ್ಕೂ ಇಷ್ಟು ಬೆಲೆ.

‘ಬಾಗು’, ‘ಜಗ್ಗು’ ಎರಡನ್ನೂ ಬೆರೆಸಬೇಡಿ. ಭಾರ ತೆಗೆದರೆ ಮರಳಿ ನೆಟ್ಟಗಾಗುವುದು ಬಾಗು. ತೆಗೆದ ಮೇಲೂ ಉಳಿಯುವುದು ಜಗ್ಗು. ಹಳೇ ಮಂಚ ಜಗ್ಗಿದೆ ಅನ್ನುತ್ತೇವೆ, ಬಾಗಿದೆ ಅನ್ನುವುದಿಲ್ಲ. ಪಾರ್ಟಿಕಲ್ ಬೋರ್ಡ್ ಮೊದಲ ದಿನ ಬರಿ ಬಾಗಿ, ತಿಂಗಳುಗಟ್ಟಲೆ ಭಾರ ಹೊತ್ತು ಜಗ್ಗುತ್ತದೆ. ಬ್ರಾಕೆಟ್ ಅಂತರ 600ರಿಂದ 900 ಮಿ.ಮೀ.ಗೆ ಹೋದರೆ, ಒಂದೇ ಸಮನೆ ಪುಸ್ತಕ ತುಂಬಿದ ಹಲಗೆ ಸುಮಾರು ಐದು ಪಟ್ಟು ಬಾಗುತ್ತದೆ. 900 ಮಿ.ಮೀ. ಹಲಗೆಗೆ ಎರಡೂ ತುದಿಯಿಂದ 200 ಮಿ.ಮೀ. ಒಳಗೆ ಬ್ರಾಕೆಟ್ ಕೊಟ್ಟರೆ ನಡುವೆ 500 ಮಾತ್ರ ಉಳಿಯುತ್ತದೆ. ಆಗ 18 ಮಿ.ಮೀ. ಪ್ಲೈವುಡ್ ಸಾಕು.

ಇನ್ನು ‘ಪರೀಕ್ಷೆ ಮಾಡಿ ಕೊಡತಕ್ಕದ್ದು’. ಕೈಯಲ್ಲಿ ಒತ್ತಿ ನೋಡಿದರೂ ಅದು ಪರೀಕ್ಷೆಯೇ! ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂದು ಬರೆಯಿರಿ. ಹೇರಬಹುದಾದ ಭಾರದ ಒಂದೂವರೆ ಪಟ್ಟು, ಅಂದರೆ 52.5 ಕೆ.ಜಿ.: ಐದು ಕಿಲೋದ ಮರಳು ಚೀಲ ಹತ್ತು, ಎರಡೂವರೆ ಕಿಲೋದ್ದು ಒಂದು. ಚೀಲಗಳನ್ನು ಒತ್ತಾಗಿ ಜೋಡಿಸಿದರೆ ಅವು ಒಂದಕ್ಕೊಂದು ಆನಿಕೊಂಡು ಕಮಾನಿನಂತೆ ನಿಂತು ಭಾರವನ್ನು ತುದಿಗೆ ಸಾಗಿಸುತ್ತವೆ, ನಡುಹಲಗೆ ಪಾಸಾಗಿಬಿಡುತ್ತದೆ. ಬೆರಳಗಲ ಸಂದು ಬಿಡಬೇಕು. ಹಲಗೆಯಡಿ ದಾರ ಬಿಗಿದು, ದಾರಕ್ಕೂ ಹಲಗೆಯ ನಡುವಿಗೂ ಇರುವ ಅಂತರವನ್ನು ಖಾಲಿ ಇರುವಾಗ, ಹೇರಿ ಒಂದು ಗಂಟೆಯಾದ ಮೇಲೆ, 24 ಗಂಟೆಯ ಮೇಲೆ, ಇಳಿಸಿದ ಮೇಲೆ, ಹೀಗೆ ನಾಲ್ಕು ಸಲ ಅಳೆಯಬೇಕು. ಮೇಲಿನ ಹಲಗೆಯನ್ನು ತಪ್ಪದೆ ಪರೀಕ್ಷಿಸಿ, ಮೇಲಿನ ಸ್ಕ್ರೂ ಕಿತ್ತುಬರುವುದು ಅಲ್ಲಿಂದಲೇ. ಪರೀಕ್ಷೆ ಮುಗಿಯುವ ತನಕ ಅಡಿಯಲ್ಲಿ ಮಕ್ಕಳನ್ನು ಬಿಡಬೇಡಿ.

ಕಿತ್ತುಬರಲು ಕಾರಣ ಬಹುಪಾಲು ಗೋಡೆ. ಸ್ಕ್ರೂ ಹಿಡಿಯಲೆಂದು ರಂಧ್ರಕ್ಕೆ ಹಾಕುವ ಪ್ಲಗ್ ಗಾರೆಯಲ್ಲೇ ನಿಂತು ಇಟ್ಟಿಗೆಗೆ ಮುಟ್ಟಿರುವುದಿಲ್ಲ, ಇಲ್ಲವೇ ರಂಧ್ರದ ಪುಡಿ ಊದಿರುವುದಿಲ್ಲ. ಮೈಸೂರಿನ ಹಳೆಯ ಸುಣ್ಣದ ಗಾರೆಯ ಮನೆಗಳಲ್ಲಿ ಡ್ರಿಲ್ಲನ್ನು ಹ್ಯಾಮರ್‌ಗೆ, ಅಂದರೆ ಗುದ್ದುತ್ತ ಕೊರೆಯುವ ಬಗೆಗೆ, ಹಾಕಿದರೆ ರಂಧ್ರ ಉದುರಿ ದೊಡ್ಡದಾಗುತ್ತದೆ. ಟೊಳ್ಳು ಬ್ಲಾಕಿನ ಗತಿಯೂ ಅದೇ. ಎರಡನೆಯ ಕಾರಣ ಬ್ರಾಕೆಟ್‌ನ ಕೊಕ್ಕೆ ಕಂಡಿಯಲ್ಲಿ ಪೂರ್ತಿ ಇಳಿಯದಿರುವುದು. ಮರದ ಸುತ್ತಿಗೆಯಿಂದ ಮೇಲಿನಿಂದ ಒಮ್ಮೆ ತಟ್ಟಬೇಕು. ಪಟ್ಟಿಯನ್ನು ಮೇಲಿನ ಸ್ಕ್ರೂನಲ್ಲಿ ತೂಗುಬಿಟ್ಟು, ನೆಟ್ಟಗಾದ ಮೇಲೆ ಉಳಿದವನ್ನು ಬಿಗಿಯಬೇಕು. ಎರಡನೆಯ ಪಟ್ಟಿಗೆ ರಸಮಟ್ಟ ಹಿಡಿದು ಒಂದೇ ಕಂಡಿಯ ಮಟ್ಟ ತರಬೇಕು.

ಹೀಗೆ ಬರೆಯಬಹುದು: ‘ಏರಿಳಿಸುವ ಗೋಡೆ ಹಲಗೆ, 900 × 250 ಮಿ.ಮೀ., 18 ಮಿ.ಮೀ. ಪ್ಲೈವುಡ್, ಬ್ರಾಕೆಟ್ ಅಂತರ 500 ಮಿ.ಮೀ. ಪ್ರತಿ ಹಲಗೆಗೆ ಸಮನಾಗಿ ಹರಡಿ ಹೇರಬಹುದಾದ ಭಾರ 35 ಕೆ.ಜಿ.; ಪ್ರತಿ ಜೊತೆ ಕಂಡಿಪಟ್ಟಿಗೆ, ಹಲಗೆಗಳ ಸ್ವಂತ ತೂಕ ಬಿಟ್ಟು, 175 ಕೆ.ಜಿ. ಈ ಭಾರದಲ್ಲಿ ನಡುಬಾಗು 2.5 ಮಿ.ಮೀ. ಮೀರಬಾರದು. ಕೂರಿಸಿದ ಗೋಡೆಯಲ್ಲೇ 52.5 ಕೆ.ಜಿ. ಹೇರಿ 24 ಗಂಟೆ ಬಿಡಬೇಕು. ಸ್ಕ್ರೂ ಸಡಿಲವಾಗಿರಬಾರದು, ಇಳಿಸಿದ ಮೇಲೆ ಹಲಗೆ ಜಗ್ಗಿರಬಾರದು.’